ಮಾತ್ರೆ ತಪ್ಪಿತೋ, ತಪ್ಪಿಸಿದರೋ?

ಮಾನ್ಯರೇ,

ಬರೆದುಕೊಟ್ಟ ಔಷಧವನ್ನು ಜನ ಹೇಗೆ ತೆಗೆದುಕೊಳ್ಳುತ್ತಾರೆ, ಏಕೆ ನಡುವೆ ಬಿಡುತ್ತಾರೆ ಎಂದು ಕೇಳುವ ಸಂಶೋಧನಾ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ತೊಡಕಿರುವುದು ಮೂರು ಪದಗಳಲ್ಲಿ: ಕಂಪ್ಲಯನ್ಸ್, ಅಡ್ಹಿಯರೆನ್ಸ್, ಕಾನ್ಕಾರ್ಡೆನ್ಸ್.

ಮೊದಲನೆಯದು ವೈದ್ಯರು ಹೇಳಿದರು, ರೋಗಿ ಕೇಳಬೇಕು ಎಂಬ ಧಾಟಿಯದು. ‘ವಿಧೇಯತೆ’ ಎಂದರೆ ಮುಗಿಯಿತು. ಮೂರನೆಯದನ್ನು ಮುಂದಿಟ್ಟದ್ದು 1997ರಲ್ಲಿ ಬ್ರಿಟನ್ನಿನ ರಾಯಲ್ ಫಾರ್ಮಾಸ್ಯುಟಿಕಲ್ ಸೊಸೈಟಿಯ ವರದಿ. ಅದಕ್ಕೆ ‘ಸಹಮತ’ ಒಪ್ಪುತ್ತದೆ. ಸಹಮತ ವೈದ್ಯರು, ರೋಗಿ ಇಬ್ಬರ ನಡುವಿನದಾದ್ದರಿಂದ, ಅದಿಲ್ಲವೆಂದು ರೋಗಿಯೊಬ್ಬನನ್ನೇ ದೂರಲು ಬರುವುದಿಲ್ಲ.

ಕಾಡುತ್ತಿರುವುದು ನಡುವಿನದು, ಅಂದರೆ ಬರೆದುಕೊಟ್ಟ ಔಷಧವನ್ನು ರೋಗಿ ಎಷ್ಟರಮಟ್ಟಿಗೆ ಹೇಳಿದಂತೆ ತೆಗೆದುಕೊಳ್ಳುತ್ತಾನೆ ಎಂಬುದನ್ನು ಹೇಳುವ ಅಡ್ಹಿಯರೆನ್ಸ್. ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಅಡ್ಹಿಯರೆನ್ಸ್‌ನ ವ್ಯಾಖ್ಯೆಯೊಳಗೇ ರೋಗಿಯ ಒಪ್ಪಿಗೆಯನ್ನು ಸೇರಿಸಿತು. ದೀರ್ಘಕಾಲದ ಕಾಯಿಲೆಗಳಲ್ಲಿ ಮುಂದುವರಿದ ದೇಶಗಳಲ್ಲೂ ಇದರ ಸರಾಸರಿ ಶೇ 50 ಮಾತ್ರ ಎಂದದ್ದೂ ಆ ವರದಿಯೇ. ‘ಅನುಸರಣೆ’ ಎಂದರೆ ಒಪ್ಪಿಗೆಯ ಸುಳಿವೇ ಇಲ್ಲ. ‘ಬದ್ಧತೆ’ ನನಗೆ ಸುತರಾಂ ಬೇಡ. ಬದ್ಧತೆಯಿಲ್ಲದ ರೋಗಿ ಎಂದೊಡನೆ ಮರೆವು, ಅಡ್ಡಪರಿಣಾಮದ ಭಯ, ಕೈಯಲ್ಲಿ ಕಾಸಿಲ್ಲದಿರುವುದು ಎಲ್ಲವೂ ಆತನ ಗುಣದೋಷಗಳಾಗಿಬಿಡುತ್ತವೆ.

ನಾಮಪದವನ್ನು ಬಿಟ್ಟು ಕ್ರಿಯಾಪದ ಹಿಡಿದರೆ ದಾರಿ ಕಾಣುತ್ತದೆ. ‘ತಪ್ಪದೆ ತೆಗೆದುಕೊಳ್ಳಿ’ ಎನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಔಷಧ ತೆಗೆದುಕೊಳ್ಳದಿರುವುದನ್ನು ಈ ಕ್ಷೇತ್ರದವರು ಉದ್ದೇಶಪೂರ್ವಕ, ಅನುದ್ದೇಶಿತ ಎಂದು ಎರಡು ಬಗೆ ಮಾಡುತ್ತಾರೆ. ಮರೆತವರಿಗೆ ನೆನಪಿಸಿದರೆ ಸಾಕು, ಬೇಡವೆಂದು ಬಿಟ್ಟವರೊಡನೆ ಕುಳಿತು ಮಾತಾಡಬೇಕು. ಆ ಭೇದವನ್ನು ನಮ್ಮ ವ್ಯಾಕರಣ ಆಗಲೇ ಮಾಡಿಟ್ಟಿದೆ: ‘ರಾತ್ರಿಯ ಮಾತ್ರೆ ತಪ್ಪಿಹೋಯಿತು’, ‘ರಾತ್ರಿಯ ಮಾತ್ರೆ ತಪ್ಪಿಸಿದೆ’. ಒಂದು ‘ಇಸು’ ಪ್ರತ್ಯಯದ ಕೆಲಸ ಅದು! ಆದರೆ ‘ಡೋಸ್ ತಪ್ಪಿಸಬೇಡಿ’ ಎಂಬಲ್ಲಿ ಮರೆಯುವುದೂ ಸೇರುತ್ತದೆಯಲ್ಲ, ಅಲ್ಲಿ ಗೆರೆ ಮಸುಕಾಗುತ್ತದೆ. ‘ತಪ್ಪು’ ಎಂಬ ನಾಮಪದದ ನೆರಳು ಬಿದ್ದು, ಉತ್ತರಿಸುವವರು ಸಂಕೋಚದಿಂದ ಸುಳ್ಳು ಹೇಳಿಯಾರು ಎಂಬ ಅಳುಕೂ ಇದೆ.

ನಿಮ್ಮ ಕಿವಿಗೆ ‘ತಪ್ಪಿಸಿದೆ’ ಎಂದರೆ ಬೇಕೆಂದೇ ಮಾಡಿದ್ದು ಎಂಬ ಅರ್ಥವೇ ಬರುತ್ತದೆಯೇ? ‘ಬಿಟ್ಟೆ’ ಎಂದರೆ ಒಂದು ಹೊತ್ತಿನದೋ, ಕಾಯಮ್ಮಾಗಿ ನಿಲ್ಲಿಸಿದ್ದೋ? ಚೀಟಿ ಬರೆಸಿಕೊಂಡು ಔಷಧವನ್ನೇ ಕೊಳ್ಳದವರ ವಿಚಾರ ಇನ್ನೂ ಕಷ್ಟ: ಅವರು ಏನನ್ನೂ ತಪ್ಪಿಸಿಲ್ಲ, ಬಿಟ್ಟೂ ಇಲ್ಲ, ಶುರುವನ್ನೇ ಮಾಡಿಲ್ಲ. ಅದಕ್ಕೆ ಒಂದೇ ಪದ ಯಾರಿಗಾದರೂ ಹೊಳೆಯುತ್ತದೆಯೇ?