ಒಮ್ಮೆ ಬಂದವರು ಮರುಭೇಟಿಗೆ ಏಕೆ ಬರುವುದಿಲ್ಲ?

ಪ್ರಶ್ನೆ (ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕಿ):
ನಮಸ್ಕಾರ. ನಮ್ಮ ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ಮಾತ್ರೆಗಳೂ ಉಚಿತ. ಆದರೆ ಮೊದಲ ಬಾರಿ ಬಂದು ಹೋದವರಲ್ಲಿ ಹಲವರು ಮತ್ತೆ ಬರುವುದೇ ಇಲ್ಲ. ಚೀಟಿಯಲ್ಲಿ ದಿನಾಂಕ ಬರೆದು, ಓದಲು ಬಾರದವರಿಗೆ ಬಿಡಿಸಿ ಹೇಳಿ ಕಳುಹಿಸಿದರೂ, ಕಾಯಿಲೆ ಮರುಕಳಿಸಿ ಮನೆಯವರಿಗೆ ದಿಕ್ಕು ತೋಚದಂತಾದ ಮೇಲೆಯೇ ಅವರನ್ನು ನೋಡುತ್ತೇನೆ. ತಪ್ಪದೆ ಬರುವವರಿಗೂ ಇವರಿಗೂ ಏನು ವ್ಯತ್ಯಾಸ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ (ರೋಗಿಯೊಬ್ಬರ ಅಕ್ಕ):
ಮೇಡಂ, ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ. ಅವನು ಗಾರೆ ಕೆಲಸದವನು. ಆಸ್ಪತ್ರೆಗೆ ಹೋದ ದಿನ ಅವನ ಕೂಲಿಯೂ ಹೋಗುತ್ತದೆ, ಜೊತೆಗೆ ಹೋಗುವ ನನ್ನ ಕೂಲಿಯೂ ಹೋಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ನನ್ನ ಬಸ್ ಚಾರ್ಜು ಉಳಿದಿದೆ, ಅವನದು ಉಳಿದಿಲ್ಲ. ಆದರೂ ಅವನು ಎರಡು ಬಾರಿ ತಪ್ಪಿಸಿಕೊಂಡದ್ದು ದುಡ್ಡಿನ ಕಾರಣಕ್ಕಲ್ಲ. ಮಾತ್ರೆ ಶುರುವಾದ ಮೇಲೆ ಕೈ ನಡುಗಿ, ಕರಣೆಯಲ್ಲಿ ಎತ್ತಿದ ಗಾರೆ ಗೋಡೆ ಮುಟ್ಟುವ ಮೊದಲೇ ಚೆಲ್ಲುತ್ತಿತ್ತು. ಮೇಸ್ತ್ರಿ ಅವನನ್ನು ಗಾರೆಯಿಂದ ಬಿಡಿಸಿ ಇಟ್ಟಿಗೆ ಹೊರಲು ಹಚ್ಚಿದರು. ಇದನ್ನು ಅವನು ಡಾಕ್ಟರ ಮುಂದೆ ಹೇಳಲಿಲ್ಲ, ಏಕೆಂದರೆ ಹಿಂದೆ ಸಾಲು ನಿಂತಿತ್ತು, ಅವರು ನಿದ್ದೆ ಮತ್ತು ಊಟದ ಬಗ್ಗೆ ಮಾತ್ರ ಕೇಳಿದರು. ಕೊನೆಗೆ ನಾನೇ ಹೋಗಿ ಹೇಳಿದಾಗ ಮಾತ್ರೆ ಬದಲಿಸಿದರು, ನಡುಕ ಇಳಿಯಿತು. ಅಂದಿನಿಂದ ಚೀಟಿಯನ್ನು ಅವನೇ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ.

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತ):
ಅಕ್ಕನವರು ಹೇಳಿದಂಥದ್ದನ್ನೇ ನಾನು ಹಲವು ಮನೆಗಳಲ್ಲಿ ಕೇಳಿದ್ದೇನೆ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಆದರೆ ಹೊಟ್ಟೆ ತೊಳಸುವುದು, ಮಂಪರು ಮೊದಲ ದಿನಗಳಲ್ಲೇ ಶುರುವಾಗುತ್ತವೆ. ತಿಂಗಳ ನಂತರದ ದಿನಾಂಕ ಬರುವಷ್ಟರಲ್ಲಿ ಎಷ್ಟೋ ಜನ ಮಾತ್ರೆ ಬಿಟ್ಟಿರುತ್ತಾರೆ, ಬಿಟ್ಟದ್ದಕ್ಕೆ ಬೈಸಿಕೊಳ್ಳಬೇಕಾದೀತೆಂದು ಹೆದರಿ ಬರುವುದನ್ನೂ ನಿಲ್ಲಿಸುತ್ತಾರೆ. ಇನ್ನು ಕೆಲವರು ವಾಸಿಯಾಯಿತೆಂದೇ ಬರುವುದಿಲ್ಲ. ಆದ್ದರಿಂದ ಮೊದಲ ವಾರದ ಕೊನೆಗೆ ಒಮ್ಮೆ ಫೋನ್ ಮಾಡಿ, ಮಾತ್ರೆಯಿಂದ ಏನು ತೊಂದರೆಯಾಗುತ್ತಿದೆ ಎಂದು ಕೇಳಿ. ಆಶಾ ಕಾರ್ಯಕರ್ತೆಯನ್ನು ಕಳುಹಿಸುವುದಾದರೆ ಮೊದಲೇ ಒಪ್ಪಿಗೆ ಪಡೆಯಿರಿ, ಬೀದಿಗೆಲ್ಲ ತಿಳಿಯುತ್ತದೆಂಬ ಅಂಜಿಕೆ ಬಹಳ ಜನರಿಗಿದೆ. ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಚೀಟಿಯ ಮೇಲೆ ಬರೆಯಿರಿ. ರಾತ್ರಿಯೂ ಕರೆ ಮಾಡಬಹುದು.

ಶುಶ್ರೂಷಕಿಯ ಮರುಮಾತು:
ಇಬ್ಬರಿಗೂ ಕೃತಜ್ಞತೆಗಳು. ನಮ್ಮ ರಿಜಿಸ್ಟರಿನಲ್ಲಿ ಮುಂದಿನ ದಿನಾಂಕಕ್ಕೆ ಮಾತ್ರ ಜಾಗವಿತ್ತು. ಈ ಮಂಗಳವಾರದಿಂದ ಕಸುಬು ಯಾವುದು, ಯಾರ ಫೋನಿಗೆ ಕರೆ ಮಾಡಬಹುದು ಎಂಬುದನ್ನೂ ಕೇಳಿ ಬರೆದುಕೊಳ್ಳುತ್ತೇನೆ. ಅಕ್ಕ, ಸಾಲು ಎಷ್ಟೇ ಉದ್ದವಿರಲಿ, ಒಳಗೆ ಕಳುಹಿಸುವ ಮುನ್ನ ಪ್ರತಿಯೊಬ್ಬರಿಗೂ ಕೈ ಚಾಚಿ ತೋರಿಸಲು ಹೇಳುತ್ತೇನೆ.