‘ಲೂಯಿ ಬಾಡಿ’ (Lewy body) ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಅಪ್ಪಂಗೆ ಪಾರ್ಕಿನ್ಸನ್ ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು, ನಡುಕ ಅಷ್ಟಿಲ್ಲ, ಆದ್ರೆ ಅಂಗಿ ಗುಂಡಿ ಹಾಕ್ಕೊಳೋಕೆ ಹತ್ತು ನಿಮಿಷ ಬೇಕು. ಮೊನ್ನೆ ಅಮ್ಮ, ತಲೆ ಒಳಗೆ ನಿಜವಾಗ್ಲೂ ಏನಾಗಿದೆ ಕಣೋ ಅಂತ ಕೇಳಿದ್ರು. ಒಂದು ಕನ್ನಡ ಲೇಖನ ಓದಿ ಹೇಳಕ್ಕೆ ಹೋದೆ, ಅದ್ರಲ್ಲಿ ನರಕೋಶದೊಳಗೆ ‘ಲೂಯಿ ದೇಹಗಳು’ ಇರುತ್ತವೆ ಅಂತಿತ್ತು, ಅಮ್ಮ ಗಾಬರಿಯಾಗಿ ದೇಹ ಅಂದ್ರೆ ಹುಳನಾ ಅಂದ್ರು.

ಇಂಗ್ಲಿಷಿನ ‘ಲೂಯಿ ಬಾಡಿ’ಯಲ್ಲಿ ‘ಬಾಡಿ’ ಅಂದ್ರೆ ಮೈ ಅಲ್ವೇ ಅಲ್ಲ, ನರಕೋಶದೊಳಗೆ ಕಟ್ಕೊಳೋ ಪುಟ್ಟ ಗುಂಡು. 1912ರಲ್ಲಿ ಫ್ರೆಡ್ರಿಕ್ ಲೂಯಿ ಅನ್ನೋ ಜರ್ಮನಿ ಡಾಕ್ಟ್ರು ಇದನ್ನ ವಿವರಿಸಿದ್ರು, 1919ರಲ್ಲಿ ಟ್ರೆಟಿಯಾಕಾಫ್ ಅನ್ನೋರು ನಡುಮೆದುಳಿನ ಕಪ್ಪು ಪಟ್ಟೇಲೂ ಇದನ್ನ ಕಂಡು ಲೂಯಿ ಅವರ ಹೆಸರೇ ಇಟ್ರು. ಬಣ್ಣ ಹಾಕಿದ ಸ್ಲೈಡಿನ ಫೋಟೋ ನೋಡಿದೆ, ಕೋಶದೊಳಗೆ ಕಂದು ಪುಡಿ ಉದುರಿಸಿದ ಹಾಗೆ ಚುಕ್ಕಿಗಳು, ಪಕ್ಕದಲ್ಲೇ ದುಂಡಗೆ ಒಂದು ಗುಲಾಬಿ ಗುಂಡು, ಅದರ ಸುತ್ತ ಬಿಳಚಿಕೊಂಡ ಉಂಗುರ. ಆ ಗುಂಡಲ್ಲಿ ಮುಖ್ಯವಾಗಿ ಇರೋದು ಆಲ್ಫಾ ಸಿನ್ಯೂಕ್ಲಿನ್ ಪ್ರೋಟೀನು ಅಂತ 1997ರಲ್ಲಿ ಗೊತ್ತಾಯ್ತು, ಎಲ್ಲರ ನರಕೋಶದಲ್ಲೂ ಇರೋದೇ, ಇಲ್ಲಿ ಮಾತ್ರ ಅದು ಸರಿಯಾಗಿ ಮಡಚ್ಕೊಳ್ದೆ ಒಂದಕ್ಕೊಂದು ಅಂಟ್ಕೊಂಡು ಗಟ್ಟಿಯಾಗಿರುತ್ತೆ.

ಇದನ್ನೆಲ್ಲ ಹೇಳಿದ್ಮೇಲೆ ಅಮ್ಮನೇ, ಮುದ್ದೆ ತಿರುವೋವಾಗ ಹಿಟ್ಟು ಗಂಟು ಕಟ್ಟುತ್ತಲ್ಲ ಹಾಗಾ ಅಂದ್ರು. ಹೌದು ಹಾಗೇ! ಎಷ್ಟು ಸರಿಯಾಗಿ ಹಿಡಿದ್ರು ಅಂತ ಖುಷಿಯಾಯ್ತು. ಆದ್ರೆ ಮೆದುಳಲ್ಲಿ ‘ಗಂಟು’ ಅಂತ ಬರೆದ್ರೆ ಓದೋರು ಗೆಡ್ಡೆ, ಕ್ಯಾನ್ಸರ್ ಅಂತ ಹೆದರ್ತಾರೆ, ಆ ಭಯ ಯಾವ ಮನೆಗೂ ಬೇಡ. ಇನ್ನೊಂದು ತೊಡಕೂ ಇದೆ. ಪಿಎಸ್‌ಪಿ (ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ) ಅಂತ ಪಾರ್ಕಿನ್ಸನ್‌ಗೆ ನೆಂಟ ಕಾಯಿಲೆ ಒಂದಿದೆ, ನಡೀತಾ ನಡೀತಾ ಹಿಂದಕ್ಕೆ ಬೀಳ್ತಾರೆ, ಕಣ್ಣು ಕೆಳಗೆ ಹೊರಳಲ್ಲ, ಅದರಲ್ಲಿ ಟಾವ್ ಅನ್ನೋ ಬೇರೆ ಪ್ರೋಟೀನು ಎಳೆ ಎಳೆಯಾಗಿ ಕೋಶದೊಳಗೆ ಹೆಣ್ಕೊಂಡಿರುತ್ತೆ, ಅದನ್ನ ಟ್ಯಾಂಗಲ್ ಅಂತಾರೆ. ಅದಕ್ಕೆ ‘ಸಿಕ್ಕು’ ಚೆನ್ನಾಗಿ ಒಪ್ಪುತ್ತೆ, ತಲೆಗೂದಲು ಸಿಕ್ಕಾದ ಹಾಗೆ. ಎರಡಕ್ಕೂ ಗಂಟು ಅಂದ್ಬಿಟ್ರೆ ಎರಡು ಕಾಯಿಲೆ ಕಲಸಿಹೋಗುತ್ತೆ.

ಸದ್ಯಕ್ಕೆ ನಾನು ‘ಲೂಯಿ ಉಂಡೆ’ ಅಂತ ಬರ್ಕೊಂಡಿದೀನಿ, ಆದ್ರೆ ಉಂಡೆ ನಾವು ಬೇಕು ಅಂತ ಕಟ್ಟೋದು, ಇದು ತಾನಾಗೇ ಕಟ್ಕೊಳೋದು, ಅಲ್ಲೇ ಸ್ವಲ್ಪ ಕೊರತೆ. ನಿಮ್ಮ ಕಡೆ ಮುದ್ದೇಲೋ ಉಪ್ಪಿಟ್ಟಲ್ಲೋ ಬೇಯದೆ ಉಳಿಯೋ ಆ ಹಿಟ್ಟಿನ ಗಂಟಿಗೆ ಬೇರೆ ಏನಾದ್ರೂ ಹೆಸರಿದ್ಯಾ?