ಬಾಯ್ಲರ್ ಪ್ಯಾನೆಲ್‌ನಿಂದ ಲಾಗ್ ತೆಗೆಯೋದು ಹೇಗೆ? ಮಾಡಿ ನೋಡಿದವರು ಹೇಳಿ

ಗಂಗಾವತಿ, ಅಕ್ಕಿ ಗಿರಣಿ ಸೂಪರ್‌ವೈಸರ್:
ನಮ್ಮದು 2 ಟನ್ನಿನ ಬಾಯ್ಲರ್, ಭತ್ತದ ಹೊಟ್ಟಿನಲ್ಲಿ ಉರಿಯುತ್ತೆ. ಪ್ಯಾನೆಲ್‌ನಲ್ಲಿ 7 ಇಂಚಿನ ಟಚ್ ಸ್ಕ್ರೀನ್, ಒಳಗೆ ಪಿಎಲ್‌ಸಿ (ಬಾಯ್ಲರ್ ನಡೆಸೋ ಪುಟ್ಟ ಕಂಪ್ಯೂಟರ್). ಮೊನ್ನೆ ರಾತ್ರಿ ಲೋ ವಾಟರ್‌ಗೆ ಟ್ರಿಪ್ ಆಯ್ತು, ಅಂದರೆ ನೀರು ಕಮ್ಮಿಯಾಗಿ ತಾನೇ ನಿಂತಿತು. ಬಾಯ್ಲರಿಗೆ ನೀರು ಹಾಕೋ ಫೀಡ್ ಪಂಪ್ ನಿಂತುಹೋಗಿತ್ತು ಅಂತಾನೆ ಅಟೆಂಡೆಂಟ್ ಹುಡುಗ. ಅವನು ಮಲಗಿದ್ದ ಅಂತಾರೆ ಮಾಲೀಕರು. ಬುಕ್ಕಿನಲ್ಲಿ ಅವನು ಬರೆದಿರೋದು 3 ಗಂಟೆ, ಸ್ಕ್ರೀನಿನಲ್ಲಿರೋದು 2:14. ಅನುಮಾನ ಬಂದಿರೋದೇ ಅಲ್ಲಿಂದ. ಪ್ಯಾನೆಲ್ ಮಾಡಿಕೊಟ್ಟವರು ವಿಸಿಟ್ ಚಾರ್ಜ್ ಕೇಳ್ತಿದ್ದಾರೆ, ಅದೂ ಮುಂದಿನ ವಾರ ಬರ್ತಾರಂತೆ. ಪ್ಯಾನೆಲ್ ದಾಖಲಿಸಿಟ್ಟಿರೋ ಲಾಗ್ ನಾವೇ ತೆಗೆಯಬಹುದಾ?

ದಾವಣಗೆರೆ, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್:
ತೆಗೆಯಬಹುದು ಸರ್. ಆದರೆ ಪ್ಯಾನೆಲ್‌ನ ಮೇನ್ ಮಾತ್ರ ಈಗಲೇ ಆಫ್ ಮಾಡಬೇಡಿ. ಕೆಲವು ಹಳೇ ಸ್ಕ್ರೀನ್‌ಗಳು ಹಿಸ್ಟರಿಯನ್ನು ಇಟ್ಟುಕೊಳ್ಳೋದು ಒಳಗಿನ ಪುಟ್ಟ ಬ್ಯಾಟರಿಯ ಬಲದಲ್ಲಿ. ಬ್ಯಾಟರಿ ಸತ್ತಿದ್ದು ಕರೆಂಟೂ ಹೋದರೆ ಎಲ್ಲ ಅಳಿಸಿಹೋಗುತ್ತೆ. ನನಗೆ ಒಂದ್ಸಲ ಹಾಗೇ ಆಗಿದೆ. ವೈರಿಂಗ್ ನೋಡೋಣ ಅಂತ ಮೇನ್ ಇಳಿಸಿದೆ, ಮತ್ತೆ ಹಾಕಿದಾಗ ತಾರೀಖು 2000ನೇ ಇಸವಿಗೆ ಹೋಗಿ ಕೂತಿತ್ತು, ಅಲಾರಂ ಪಟ್ಟಿ ಖಾಲಿ.

ಅದಕ್ಕೇ ಮೊದಲು ಅಲಾರಂ ಹಿಸ್ಟರಿ ಪುಟ ತೆರೆದು, ಒಂದೊಂದೇ ಪುಟ ಸರಿಸುತ್ತಾ ಮೊಬೈಲಲ್ಲಿ ಫೋಟೋ ತೆಗೀರಿ. ನಿಮ್ಮ ಜಗಳಕ್ಕೆ ಇಷ್ಟೇ ಸಾಕಾಗಬಹುದು. ಟ್ರೆಂಡ್ ಅನ್ನೋದೇ ಬೇರೆ, ಅದರಲ್ಲಿ ಇಷ್ಟಿಷ್ಟು ಸೆಕೆಂಡಿಗೊಮ್ಮೆ ಪ್ರೆಷರ್, ಲೆವೆಲ್ ದಾಖಲಾಗ್ತಾ ಹೋಗುತ್ತೆ. ಪಂಪ್ ಓವರ್‌ಲೋಡ್ ಆಯ್ತಾ, ಯಾವಾಗ ಆಯ್ತು ಅನ್ನೋದು ಇರೋದು ಅಲಾರಂ ಪಟ್ಟಿಯಲ್ಲಿ. ಲೋ ವಾಟರ್ ಸಾಲಿಗಿಂತ ಹತ್ತು ನಿಮಿಷ ಹಿಂದೆ ಏನಿದೆ ಅಂತ ನೋಡಿ.

ಆಮೇಲೆ ಗಡಿಯಾರ. ಸ್ಕ್ರೀನಿನ ಪಕ್ಕದಲ್ಲಿ ಒಂದು ಮೊಬೈಲ್ ಹಿಡಿದು, ಎರಡರ ಟೈಮೂ ಕಾಣೋ ಹಾಗೆ ಇನ್ನೊಂದು ಮೊಬೈಲಲ್ಲಿ ಫೋಟೋ ಹೊಡೀರಿ. ಪ್ಯಾನೆಲ್ ಗಡಿಯಾರ ಸರಿಯಿದೆ ಅಂತ ನಂಬಿ ಕೂರೋರೇ ಜಾಸ್ತಿ. ವ್ಯತ್ಯಾಸ ಕಂಡರೂ ಲಾಗ್ ಹೊರಗೆ ಬರೋ ತನಕ ಸರಿಪಡಿಸೋಕೆ ಹೋಗಬೇಡಿ.

ಪೆನ್‌ಡ್ರೈವ್ 32 ಜಿಬಿ ಒಳಗಿನದು ಹಾಕಿ, ಫ್ಯಾಟ್32 ಅನ್ನೋ ಮಾದರಿಗೆ ಫಾರ್ಮ್ಯಾಟ್ ಮಾಡಿ. ದೊಡ್ಡ ಪೆನ್‌ಡ್ರೈವ್ ಹಾಕಿ, ಪೋರ್ಟೇ ಹೋಗಿದೆ ಅಂದ್ಕೊಂಡು ಅರ್ಧ ದಿನ ಕಳೆದೋನು ನಾನು. ಪೋರ್ಟ್ ಸಾಮಾನ್ಯವಾಗಿ ಸ್ಕ್ರೀನಿನ ಬೆನ್ನಿಗೆ ಇರುತ್ತೆ, ಅಂದರೆ ಪ್ಯಾನೆಲ್ ಬಾಗಿಲು ತೆಗೀಬೇಕು. ಒಳಗೆ 415 ವೋಲ್ಟ್ ಇರುತ್ತೆ, ಎಲೆಕ್ಟ್ರಿಷಿಯನ್ ಜೊತೆಗಿರಲಿ.

ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯೋ ಲಾಗ್) ಬಂದ ಕೂಡಲೇ ಒಂದು ಕಾಪಿ ಮುಟ್ಟದೆ ಪಕ್ಕಕ್ಕಿಡಿ. ಎಕ್ಸೆಲ್ ತನ್ನಿಷ್ಟಕ್ಕೆ ಏಪ್ರಿಲ್ 3ನ್ನು ಮಾರ್ಚ್ 4 ಮಾಡಿಬಿಡುತ್ತೆ. ಸೆಕೆಂಡಿಗೊಂದು ಸಾಲಿದ್ದರೆ ದಿನಕ್ಕೆ 86,400 ಸಾಲು. ಎಕ್ಸೆಲ್ ಹಿಡಿಸೋದು 10,48,576. ಹನ್ನೆರಡು ದಿನಕ್ಕೆ ತುಂಬಿತು.

ಬೆಂಗಳೂರು, ಗಾರ್ಮೆಂಟ್ ವಾಷಿಂಗ್ ಯೂನಿಟ್:
ಲ್ಯಾಪ್‌ಟಾಪ್ ಸಿಕ್ಕಿಸೋ ಯೋಚನೆ ಇದ್ದರೆ ನನ್ನ ಪೆದ್ದುತನ ಕೇಳಿ. ಪಿಎಲ್‌ಸಿ ಸಾಫ್ಟ್‌ವೇರ್‌ನಲ್ಲಿ ‘ಡೌನ್‌ಲೋಡ್’ ಅಂತ ಇತ್ತು, ಲಾಗ್ ಇಳಿಸಿಕೊಳ್ಳೋಣ ಅಂತ ಒತ್ತಿದೆ. ಅಲ್ಲಿ ಲೆಕ್ಕ ಉಲ್ಟಾ. ಡೌನ್‌ಲೋಡ್ ಅಂದರೆ ಕಂಪ್ಯೂಟರಿಂದ ಪಿಎಲ್‌ಸಿಗೆ ಹೋಗೋದು, ಅಪ್‌ಲೋಡ್ ಅಂದರೆ ಅಲ್ಲಿಂದ ಇಲ್ಲಿಗೆ ಬರೋದು. ನನ್ನ ಖಾಲಿ ಪ್ರಾಜೆಕ್ಟ್ ಹೋಗಿ ಪ್ರೋಗ್ರಾಮ್ ಮೇಲೆ ಕೂತು, ಎರಡು ದಿನ ಸ್ಟೀಮ್ ಇಲ್ಲ. ವಿಸಿಟ್ ಚಾರ್ಜ್ ಉಳಿಸೋಕೆ ಹೋಗಿ ಅದರ ಹತ್ತರಷ್ಟು ಕೊಟ್ಟೆ.

ಸಿಂಧನೂರು, 26 ವರ್ಷದಿಂದ ಬಾಯ್ಲರ್ ಅಟೆಂಡೆಂಟ್:
ಲಾಗ್ ಆಮ್ಯಾಲ ನೋಡ್ರಿ. ಆ ಹುಡುಗ ಟ್ರಿಪ್ ಆದಾಗ ಏನ್ ಮಾಡಿದ, ಅದನ್ನ ಕೇಳ್ರಿ ಮೊದ್ಲ. ಗೇಜ್ ಗ್ಲಾಸ್‌ನಾಗ (ನೀರಿನ ಮಟ್ಟ ತೋರ್ಸೋ ಗಾಜು) ನೀರು ಕಾಣಲಿಲ್ಲ ಅಂದ್ರ ಪಂಪ್ ಚಾಲೂ ಮಾಡಬಾರದು, ಕಾದ ಟ್ಯೂಬಿಗೆ ತಣ್ಣೀರು ಬಿದ್ರ ಮುಗೀತು. ಹೊಟ್ಟಿನ ಬೆಂಕಿ ಫ್ಯಾನ್ ನಿಂತ್ರೂ ಹೊತ್ತಿಕೊಂಡೇ ಇರ್ತದ. ಅಂವ ಬೆಂಕಿ ಎಳೆದು ಸುಮ್ಮನೆ ಕೂತಿದ್ರ ಅಂವಗ ಶಾಬಾಷ್ ಅನ್ರಿ. ಇನ್ನೊಂದು, ಮೊಬ್ರೆ, ಅಂದ್ರ ನೀರಿನ ಮಟ್ಟ ನೋಡೋ ಫ್ಲೋಟ್ ಸ್ವಿಚ್, ದಿನಾ ಬ್ಲೋಡೌನ್ ಮಾಡಿ ಕೆಸರು ಹೊರಗ ಬಿಡ್ತೀರೋ ಇಲ್ಲೋ? ಅದರಾಗ ಕೆಸರು ತುಂಬಿದ್ರ ಫ್ಲೋಟ್ ಸಿಕ್ಕೊಂಡು ಪ್ಯಾನೆಲ್‌ಗೆ ಸುಳ್ಳು ಹೇಳ್ತದ. ಪ್ಯಾನೆಲ್ ಅದನ್ನೇ ಬರಕೊಂತದ.

ದಾವಣಗೆರೆ, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್:
ಅಣ್ಣಾವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಅಳತೆಯನ್ನ ಪ್ಯಾನೆಲ್‌ಗೆ ಕಳಿಸೋ ಟ್ರಾನ್ಸ್‌ಮಿಟರ್‌ಗೂ ಇದೇ ಮಾತು. 4–20 ಮಿಲಿಆಂಪ್‌ನ ಪ್ರೆಷರ್ ಟ್ರಾನ್ಸ್‌ಮಿಟರ್ 0–16 ಕೆಜಿಗೆ (ಚದರ ಸೆಂ.ಮೀ.ಗೆ ಇಷ್ಟು ಕೆಜಿ ಅನ್ನೋ ಲೆಕ್ಕ) ಸ್ಕೇಲ್ ಆಗಿದ್ದು, ಟ್ರೆಂಡ್‌ನಲ್ಲಿ −4 ಬಂದರೆ ಅದು ಪ್ರೆಷರ್ರೇ ಅಲ್ಲ, ಕರೆಂಟ್ 4ರ ಬದಲು ಸೊನ್ನೆಯಾಗಿದೆ, ವೈರ್ ಬಿಟ್ಟಿದೆ ಅಂತ ಅರ್ಥ. ಪ್ರೆಷರ್ ಜೊತೆ ಸ್ಟೀಮ್ ಟೆಂಪರೇಚರೂ ಇದ್ದರೆ ತಾಳೆ ನೋಡಿ. 10 ಕೆಜಿ ಗೇಜ್ ಪ್ರೆಷರ್‌ಗೆ 183 ಡಿಗ್ರಿ ಆಸುಪಾಸು ಇರಬೇಕು. ಇಲ್ಲದಿದ್ದರೆ ಎರಡರಲ್ಲೊಂದು ಸುಳ್ಳು.

ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆ, ಎಲೆಕ್ಟ್ರಿಕಲ್:
ಮುಂದಕ್ಕೂ ಬೇಕು ಅಂದರೆ ಪ್ಯಾನೆಲ್‌ನ ಆರ್‌ಎಸ್485 ಪೋರ್ಟಿಂದ (ಡೇಟಾ ವೈರ್ ಸಿಕ್ಕಿಸೋ ಜಾಗ) ಮಾಡ್‌ಬಸ್ ಅನ್ನೋ ಯಂತ್ರಭಾಷೆಯಲ್ಲಿ ಕಂಪ್ಯೂಟರಿಗೆ ಓದಿಕೊಳ್ಳಿ, ಬರೆಯೋ ಗೊಡವೆ ಬೇಡ. ರಿಜಿಸ್ಟರ್ ಪಟ್ಟಿ (ಯಾವ ರೀಡಿಂಗ್ ಯಾವ ನಂಬರಲ್ಲಿದೆ ಅನ್ನೋದು) ಪ್ಯಾನೆಲ್ ಮಾಡಿದವರ ಹತ್ತಿರಾನೇ ಇಸ್ಕೊಬೇಕು. ಪಟ್ಟಿಯಲ್ಲಿ 40001 ಅಂತಿದ್ದರೆ ಸಾಫ್ಟ್‌ವೇರ್‌ಗೆ ಎಷ್ಟೋ ಸಲ 0 ಅಂತ ಕೊಡಬೇಕಾಗುತ್ತೆ. ಒಂದು ಅಂಕಿ ತಪ್ಪಿದರೆ ಪಕ್ಕದ ರೀಡಿಂಗ್ ಬರುತ್ತೆ, ಅದೂ ನಂಬೋ ಹಾಗೇ ಇರುತ್ತೆ. ಚಿಮಣಿ ಟೆಂಪರೇಚರ್ ಅಂತೂ ಬಿಡಬೇಡಿ. ಅದು 22 ಡಿಗ್ರಿ ಏರಿದರೆ ಹತ್ತಿರ ಹತ್ತಿರ ಶೇ. 1ರಷ್ಟು ಎಫಿಶಿಯೆನ್ಸಿ ಹೋಯ್ತು ಅಂತ ಲೆಕ್ಕ.

ಗಂಗಾವತಿ, ಅಕ್ಕಿ ಗಿರಣಿ ಸೂಪರ್‌ವೈಸರ್:
ಎಲ್ಲರಿಗೂ ನಮಸ್ಕಾರ. ಪೆನ್‌ಡ್ರೈವ್ ತನಕ ಹೋಗಲೇ ಇಲ್ಲ, ಫೋಟೋದಲ್ಲೇ ಗೊತ್ತಾಯ್ತು. ಪ್ಯಾನೆಲ್ ಗಡಿಯಾರ 46 ನಿಮಿಷ ಹಿಂದಿದೆ, ಅಂದರೆ 2:14 ನಿಜವಾಗಿ 3 ಗಂಟೆ. ಅದಕ್ಕೂ ಮೊದಲು 2:09ಕ್ಕೆ ಫೀಡ್ ಪಂಪ್ ಓವರ್‌ಲೋಡ್ ಟ್ರಿಪ್ ಅಂತ ಒಂದು ಸಾಲಿದೆ. ಹುಡುಗನನ್ನ ಕೇಳಿದೆ, ಗ್ಲಾಸ್ ಖಾಲಿ ಕಂಡು ಪಂಪ್ ಮುಟ್ಟಲಿಲ್ಲವಂತೆ, ಬೆಂಕಿ ಎಳೆದನಂತೆ. ಮಾಲೀಕರಿಗೆ ಫೋಟೋ ತೋರಿಸಿದೆ, ಏನೂ ಹೇಳಲಿಲ್ಲ, ಪಂಪ್ ಬಿಚ್ಚಿಸು ಅಂದರು. ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಗರಗರ ಅಂತಿದೆ.